ಮೂರನೇ ನಂಬರಿನ ಯಂತ್ರ ಸರಿಯಾಗಿದೆ

ನಾನು ಮಾನಪ್ಪ ಬಿನ್ ಭಗವಂತರಾಯ, 34 ವರ್ಷ, ಶಾಲಾ ವ್ಯಾನ್ ಚಾಲಕ, ಸ್ವಂತ ಊರು ಸುರಪುರ ತಾಲ್ಲೂಕು, ಎರಡು ತಿಂಗಳಿಂದ ವಾಸ ಕಗ್ಗದಾಸಪುರದ ಬಾಡಿಗೆ ಕೋಣೆ, ಈ ಮೂಲಕ ಇಲಾಖೆಗೂ ಸಮಸ್ತ ನಾಡಿಗೂ ತಿಳಿಸುವುದೇನೆಂದರೆ, ಹುಟ್ಟಿದಂದಿನಿಂದ ಇಂದು ಬೆಳಿಗ್ಗೆ 11 ಗಂಟೆಯವರೆಗೆ ನಾನು ಊದಿದ್ದು ಒಲೆ, ಬಿಸಿ ಚಹಾ ಮತ್ತು ಮಗಳ ಪೀಪಿ, ಈ ಮೂರನ್ನೇ.

11.05ಕ್ಕೆ ಖಾಲಿ ವ್ಯಾನಿನಲ್ಲಿ ಟಿನ್ ಫ್ಯಾಕ್ಟರಿ ಬಳಿ ಬಂದಾಗ ಪೇದೆ ಪ್ರೇಮ್‌ಕುಮಾರ್ ಕೈ ಅಡ್ಡ ಹಿಡಿದರು. ಕುಡಿದವರನ್ನು ಹಿಡಿಯುವ ಹೊಸ ಯಂತ್ರಗಳು ಬಂದಿವೆ, ಸರಿಯಾಗಿ ಅಳೆಯುತ್ತವೆಯೇ ನೋಡಬೇಕು, ಕುಡಿದವನೊಬ್ಬ ಕುಡಿಯದವನೊಬ್ಬ ಬೇಕು ಎಂದರು. ಕುಡಿದವರ ಸ್ಥಾನಕ್ಕೆ ಹಮಾಲಿ ಚಿಕ್ಕಮುನಿಯಪ್ಪನವರು ಆಗಲೇ ಆಯ್ಕೆಯಾಗಿ ಕಲ್ಲಿನ ಮೇಲೆ ಕುಳಿತಿದ್ದರು. ಮೂರನೇ ನಂಬರಿನ ಯಂತ್ರಕ್ಕೆ ಉಸಿರು ಮುಗಿಯುವ ತನಕ ಊದಿದೆ. ಸೊನ್ನೆ ಬಂತು. ಪುಸ್ತಕದಲ್ಲಿ ಬರೆದುಕೊಳ್ಳಲು ಪೇದೆಯವರು ಕೇಳಿದರು:

“ಎಣ್ಣೆ ಹಾಕಿಲ್ಲ ತಾನೆ?”

“ಹಾಕೀನ್ರೀ ಸಾಹೇಬ್ರ. ಹಾಕದ ಮನಿ ಬಿಡಂಗಿಲ್ಲ.”

“ಬೆಳಬೆಳಿಗ್ಗೇನಾ! ಎಷ್ಟು?”

“ಅಂಗೈ ತುಂಬ್ರೀ. ಹೆಂಡ್ತಿನ ಹಾಕ್ತಾಳ. ಮಗಳಿಗೂ ಹಾಕ್ತಾಳ.”

ಚಿಕ್ಕಮುನಿಯಪ್ಪನವರು ಎದ್ದು ಕೈ ಮುಗಿದರು. “ಪುಣ್ಯವಂತ ಗುರು ನೀನು! ನಮ್ಮನೇಲಿ ವಾಸ್ನೆ ಬಂದ್ರೆ ಪೊರಕೆ ಬರ್ತದೆ.”

11.20ಕ್ಕೆ ಪೇದೆಯವರು ‘ಚಾಲಕ ಎಣ್ಣೆ ಒಪ್ಪಿಕೊಂಡಿದ್ದಾನೆ, ಸೊನ್ನೆ ತೋರಿಸಿದ ಯಂತ್ರ ಕೆಟ್ಟಿದೆ’ ಎಂದು ಬರೆದು, ನನ್ನ ಲೈಸೆನ್ಸ್ ಇಟ್ಟುಕೊಂಡು, ಶಾಲೆಗೆ ಫೋನ್ ಮಾಡಿದರು. ಇವತ್ತಿನಿಂದಲೇ ವ್ಯಾನ್ ಮುಟ್ಟಕೂಡದು ಎಂದು ಮುಖ್ಯೋಪಾಧ್ಯಾಯಿನಿ ಶಾಂಭವಿ ಮೇಡಂ ಹೇಳಿದರಂತೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಫುಟ್‌ಪಾತಿನಲ್ಲಿ ನಲವತ್ತು ಹೆಜ್ಜೆ ಆ ಕಡೆ, ನಲವತ್ತು ಹೆಜ್ಜೆ ಈ ಕಡೆ, ಒಂದು ಗಂಟೆ ಓಡಾಡಿದೆ. ಬಿಸಿಲಿಗೆ ಹಣೆಯ ಮೇಲೆ ಇಳಿದದ್ದನ್ನು ಒರೆಸಿಕೊಂಡಾಗ ಪೇದೆಯವರು ನನ್ನ ಕರವಸ್ತ್ರ ಇಸಿದುಕೊಂಡು ಮೂಸಿದರು.

“ಏನ್ರೀ ಇದು, ಕೊಬ್ಬರಿ ಎಣ್ಣೆ!”

“ಮತ್ತ? ತಲಿಗೆ ಶೇಂಗಾ ಎಣ್ಣಿ ಹಾಕ್ತಾರೇನ್ರೀ?”

ಬೆಂಗಳೂರಿನಲ್ಲಿ ಎಣ್ಣೆಯನ್ನು ಕುಡಿಯುತ್ತಾರೆಂದು ನನಗೆ ತಿಳಿದದ್ದು 12.22ಕ್ಕೆ. 12.25ಕ್ಕೆ ಚಿಕ್ಕಮುನಿಯಪ್ಪನವರು ಅದೇ ಯಂತ್ರಕ್ಕೆ ಊದಿ 112 ತೆಗೆದರು. “ನೋಡ್ರೀ, ಮಿಷಿನ್ ಪಾಸು!” ಎಂದು ತಾವೇ ಚಪ್ಪಾಳೆ ತಟ್ಟಿದರು. ಬರೆದದ್ದನ್ನು ಹೊಡೆದುಹಾಕಲು ಹೇಳಿಕೆ ಬೇಕೆಂದು ಪೇದೆಯವರು ನನ್ನನ್ನು ಠಾಣೆಗೆ ಕರೆತಂದರು.

ಇದನ್ನು ನನಗೆ ಓದಿ ಹೇಳಿದ್ದಾರೆ. ಎಣ್ಣೆಯ ಪ್ರಮಾಣ ಸಮೇತ ಎಲ್ಲವೂ ನಿಜ.

ಸ್ಥಳ: ಸಂಚಾರ ಠಾಣೆ
ದಿನಾಂಕ: 21-11-2006, ಮಧ್ಯಾಹ್ನ 1.10
(ಸಹಿ) ಮಾನಪ್ಪ

ವಿ.ಸೂ.: ಮೂರೂವರೆಗೆ ಶಾಲೆ ಬಿಡುತ್ತದೆ. ಅಷ್ಟರೊಳಗೆ ಸಾಹೇಬರು ದಯವಿಟ್ಟು ಶಾಂಭವಿ ಮೇಡಂಗೆ ಇನ್ನೊಂದು ಫೋನ್ ಮಾಡಬೇಕು. ‘ಕೊಬ್ಬರಿ’ ಎಂಬುದನ್ನು ಮೊದಲು ಹೇಳಿ. ‘ಎಣ್ಣೆ’ಯಿಂದ ಶುರುಮಾಡಿದರೆ ಅವರು ಫೋನ್ ಇಟ್ಟುಬಿಡುತ್ತಾರೆ.