ಆರನೆಯ ಸಲದ ದೋಣಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನಗೇ ನನ್ನ ಗುರುತು ಸಿಗದಷ್ಟು ಚೆನ್ನಾಗಿ ನನ್ನನ್ನು ಪರಿಚಯಿಸಿದ ಕಾರ್ಯದರ್ಶಿಗಳೇ, ಮುಖ್ಯೋಪಾಧ್ಯಾಯಿನಿಯವರೇ, ನನ್ನ ಹಳೆಯ ಸಹೋದ್ಯೋಗಿಗಳೇ, ಪೋಷಕರೇ, ಹಿಂದಿನ ಸಾಲಿನಲ್ಲಿ ಆಗಲೇ ಒಬ್ಬರನ್ನೊಬ್ಬರು ಚಿವುಟುತ್ತಿರುವ ಮಕ್ಕಳೇ ಮತ್ತು ಸಭಿಕರೇ,

ಹತ್ತು ನಿಮಿಷದಲ್ಲಿ ಮುಗಿಸಿ ಎಂದು ಕಾರ್ಯದರ್ಶಿಗಳು ಕಿವಿಯಲ್ಲಿ ಹೇಳಿದ್ದಾರೆ. ಮೂವತ್ತಾರು ವರ್ಷ ಗಣಿತ ಕಲಿಸಿದವನಿಗೆ ಹತ್ತು ಎಂದರೆ ಎಷ್ಟು ಎಂಬುದು ಗೊತ್ತಿರುತ್ತದೆ ಎಂಬ ನಂಬಿಕೆ ಅವರದು. ನೋಡೋಣ.

ಈ ಸನ್ಮಾನ ಫಲಕದ ಮೇಲೆ ನನ್ನ ಹೆಸರನ್ನು ಇಷ್ಟು ದೊಡ್ಡ ಅಕ್ಷರದಲ್ಲಿ ಕೆತ್ತಿಸಿದ್ದೀರಿ. ಸಂತೋಷ. ಹೆಮ್ಮೆ. ಸುಳ್ಳೇಕೆ ಹೇಳಲಿ, ಇದನ್ನು ಹೇಗೆ ಹಿಡಿದುಕೊಳ್ಳಬೇಕು ಎಂದು ಬೆಳಿಗ್ಗೆ ಊಟದ ತಟ್ಟೆ ಹಿಡಿದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಯೇ ಬಂದಿದ್ದೇನೆ. ನೋಡಿ ನಗುವವರು ಮನೆಯಲ್ಲಿ ಈಗ ಯಾರೂ ಇಲ್ಲದ್ದರಿಂದ ಅಭ್ಯಾಸ ಸರಾಗವಾಗಿ ಸಾಗಿತು.

ಇದರ ಜೊತೆಗೆ ನನಗೆ ಇನ್ನೊಂದು ಕೆಲಸವನ್ನೂ ಒಪ್ಪಿಸಿದ್ದಾರೆ. ಮುಂದಿನ ವರ್ಷದಿಂದ ಗುರುವಾರದ ನಾಲ್ಕನೆಯ ಪೀರಿಯಡ್ಡು, ಅಂದರೆ ನಾಟಕದ ಪೀರಿಯಡ್ಡು, ಇರುವುದಿಲ್ಲ. ಆ ಹೊತ್ತಿನಲ್ಲಿ ಗಣಿತದ ಪುನರಾವರ್ತನೆ. ಮೂವರ ಸಮಿತಿಯ ತೀರ್ಮಾನ ಇದು. ಮೂವರೂ ಸಹಿ ಹಾಕಿದರೆ ಮಾತ್ರ ಜಾರಿಗೆ ಬರುತ್ತದೆ. ಮೊದಲ ಸಹಿ ನನ್ನದು. ಇದರಿಂದ ಮಕ್ಕಳಿಗೆ ಎಷ್ಟು ಒಳ್ಳೆಯದಾಗುತ್ತದೆ ಎಂದು ಪೋಷಕರಿಗೆ ನಾನು ತಿಳಿಸಿ ಹೇಳಬೇಕಂತೆ. “ನೀವು ಹೇಳಿದ್ರೆ ಅದಕ್ಕೊಂದು ತೂಕ ಸಾರ್,” ಎಂದರು ಅಧ್ಯಕ್ಷರು. ತೂಕ ಏಕೆ ಬರುವುದಿಲ್ಲ? ಆ ಪೀರಿಯಡ್ಡನ್ನು ಈ ಶಾಲೆಯಲ್ಲಿ ಹಟ ಹಿಡಿದು ಶುರು ಮಾಡಿದವಳು ನನ್ನ ಹೆಂಡತಿಯೇ ತಾನೆ.

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ನಾವಿಬ್ಬರೂ ಇಲ್ಲೇ ಮೇಷ್ಟರಾಗಿದ್ದವರು. ನನ್ನ ತರಗತಿಯ ಪಕ್ಕದ ಕೋಣೆಯೇ ಅವಳದು. ನಡುವೆ ಒಂದು ತೆಳು ಗೋಡೆ. ಈ ಕಡೆ ನಾನು ಬೀಜಗಣಿತ ಬರೆಯುತ್ತಿದ್ದರೆ ಆ ಕಡೆಯಿಂದ ಗುಡುಗು, ಹುಲಿ, ಅಳುವ ರಾಣಿ. ನನ್ನ ಮಕ್ಕಳ ಕೈ ಪುಸ್ತಕದ ಮೇಲೆ, ಕಿವಿ ಗೋಡೆಯ ಮೇಲೆ. ನಾಟಕ ಎಂದರೆ ವಾರ್ಷಿಕೋತ್ಸವಕ್ಕೆ ಮೀಸೆ ಅಂಟಿಸಿಕೊಳ್ಳುವುದು ಎಂದು ನಾನು ತಿಳಿದಿದ್ದೆ. ಅವಳದು ಆ ನಾಟಕವಲ್ಲ. ಮೀಸೆಯಿಲ್ಲ, ಪರದೆಯಿಲ್ಲ, ಬಾಯಿಪಾಠವಿಲ್ಲ, ನೋಡುವವರೂ ಇಲ್ಲ. ಪಾಠವೇ ನಾಟಕ. ಮಕ್ಕಳು ಬಲ್ಲವರಾಗುತ್ತಾರೆ, ಟೀಚರು ಏನೂ ಅರಿಯದವಳಾಗುತ್ತಾಳೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರು ಇಂಥದ್ದಕ್ಕೆ ಒಂದು ಮಾತು ಹೇಳುತ್ತಿದ್ದರು, ‘ದಿ ಟೀಚರ್ ಮಸ್ಟ್ ಫಸ್ಟ್...’ ಫಸ್ಟ್ ಏನು ಮಾಡಬೇಕು ಎಂಬುದು ಮರೆತುಹೋಗಿದೆ. ಪರೀಕ್ಷೆಯಲ್ಲೂ ಮರೆತಿತ್ತು.

ಒಂದು ಗುರುವಾರ ಗದ್ದಲ ತಡೆಯಲಾರದೆ ಸೀಮೆಸುಣ್ಣ ಮೆತ್ತಿದ ಕೈಯಲ್ಲೇ ಹೋಗಿ ಅವಳ ಕೋಣೆಯ ಬಾಗಿಲು ತಳ್ಳಿದೆ. ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಓಡಿ ಬಂದು ನನ್ನ ತಲೆಗೊಂದು ಹಳೆಯ ಟೋಪಿ ಹಾಕಿ, “ಅಯ್ಯೋ, ಬಂದ್ಯಾ ಅಂಬಿಗಣ್ಣ! ಎಷ್ಟು ಹೊತ್ತೋ ನಿನ್ನ ಕಾಯೋದು!” ಎಂದಳು.

ಸಭಿಕರೇ, ಮನೆಯಲ್ಲಿ ‘ರೀ’ ಬಿಟ್ಟರೆ ಬೇರೆ ಕರೆಯದವಳು ನಲವತ್ತನಾಲ್ಕು ಮಕ್ಕಳ ಮುಂದೆ ನನ್ನನ್ನು ಏಕವಚನದಲ್ಲಿ ಕರೆದಳು. ನಾನು ಟೋಪಿ ಕಿತ್ತು ಎಸೆಯಬೇಕಿತ್ತಲ್ಲವೇ? ಎಸೆಯಲಿಲ್ಲ. ಏಕೆ ಎಂದು ಇಂದಿಗೂ ಗೊತ್ತಿಲ್ಲ. ಹಾಗೆ ಕರೆಸಿಕೊಂಡದ್ದು ಹಿತವಾಗಿತ್ತೋ ಏನೋ. ಇರಲಿ, ಅದು ಸಭೆಯಲ್ಲಿ ಹೇಳುವ ಮಾತಲ್ಲ.

ಆಟ ಹೀಗಿತ್ತು. ಊರಿಗೆ ನೀರು ನುಗ್ಗಿದೆ. ಮಕ್ಕಳು ನಲವತ್ತನಾಲ್ಕು, ಟೀಚರು ಒಬ್ಬಳು ಅಜ್ಜಿ, ಒಟ್ಟು ನಲವತ್ತೈದು ಜನ ಈ ದಡದಲ್ಲಿ. ಬೆಂಚೇ ದೋಣಿ. ಅಂಬಿಗನನ್ನು ಬಿಟ್ಟು ಎಂಟು ಜನ ಹಿಡಿಯುತ್ತಾರೆ. ಅಂಬಿಗನಿಗೆ ಲೆಕ್ಕ ಬಾರದು, ಊರವರೇ ಹೇಳಿಕೊಡಬೇಕು. ಊರಿನ ಯಜಮಾನತಿ ಮೂರನೆಯ ಬೆಂಚಿನ ಒಂದು ಹುಡುಗಿ. ಅವಳನ್ನು ನಾವು ಸ್ಟಾಫ್ ರೂಮಿನಲ್ಲಿ ‘ಮುಚ್ಚಳ’ ಎನ್ನುತ್ತಿದ್ದೆವು. ಶಾಲೆಗೆ ಸೇರಿ ಎರಡು ವರ್ಷವಾದರೂ ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ತೆರೆದವಳಲ್ಲ. ಆ ಹೆಸರಿಟ್ಟವನು ನಾನೇ.

“ಅಮ್ಮಾ, ಎಲ್ಲರನ್ನೂ ದಾಟಿಸೋಕೆ ಎಷ್ಟು ಸಲ ಹೋಗ್ಬೇಕು?” ಎಂದು ಕೇಳು ಅಂತ ನನ್ನವಳು ಕಣ್ಣಲ್ಲೇ ಹೇಳಿದಳು. ಕೇಳಿದೆ. ಆ ಹುಡುಗಿ ಜನರನ್ನು ನೋಡಿದಳು, ಬೆಂಚು ನೋಡಿದಳು, ಬೆರಳು ಮಡಚಿದಳು. ಆಮೇಲೆ, ನಾನು ನನ್ನ ಈ ಎರಡು ಕಿವಿಯಿಂದ ಕೇಳಿದೆ, “ಆರು ಸಲ,” ಎಂದಳು.

ಎರಡು ವರ್ಷದಲ್ಲಿ ಮೊದಲ ಮಾತು! ಅದಕ್ಕೆ ನಾನೇನು ಹೇಳಿದೆ? ಟೋಪಿ ಹಾಕಿಕೊಂಡೇ, ಬೆರಳೆತ್ತಿ, “ತಪ್ಪು! ನಲವತ್ತೈದು ಭಾಗಿಸು ಎಂಟು, ಭಾಗಲಬ್ಧ ಐದು, ಶೇಷ ಐದು,” ಎಂದೆ.

ಇಂಥ ತಪ್ಪು ಬೇರೆ ಯಾರು ಮಾಡುತ್ತಾರೆ ಹೇಳಿ? ನಿಜವಾದ ಅಂಬಿಗ ಮಾಡುತ್ತಾನೆಯೇ? ಅಕ್ಷರ ಬಾರದ ಮನುಷ್ಯ ಮಾಡುತ್ತಾನೆಯೇ? ಗಣಿತದ ಮೇಷ್ಟರು ಮಾತ್ರ ಮಾಡಬಲ್ಲ ತಪ್ಪು ಅದು. ಮುಂದಿನ ಬೆಂಚಿನ ತಂಟೆಕೋರನೊಬ್ಬ, “ಲೋ, ಅಂಬಿಗ ಏನೋ ಸಾರ್ ಥರ ಬೈತಾನೆ!” ಎಂದ. ಎಲ್ಲರೂ ನಕ್ಕರು. ನನ್ನವಳು ನಗಲಿಲ್ಲ. ಅಜ್ಜಿಯ ದನಿಯಲ್ಲೇ ಕೇಳಿದಳು: “ಹಾಗಾದ್ರೆ ನಾವು ಐದು ಜನ ಇಲ್ಲೇ ಮುಳುಗ್ಬೇಕೇನಪ್ಪಾ?”

ಯಜಮಾನತಿ ಎಲ್ಲರಿಗಿಂತ ಕೊನೆಗೆ ದೋಣಿ ಹತ್ತುವವಳು. ಆ ಐವರಲ್ಲಿ ಆ ಹುಡುಗಿಯೂ ಒಬ್ಬಳು. ಅವಳ ಬಾಯಿ ಮತ್ತೆ ಮುಚ್ಚಿತು.

ಆ ದಿನ ಮನೆಯಲ್ಲಿ ನನ್ನವಳು ಹೇಳಿದ್ದು ಒಂದೇ ಮಾತು. “ಆ ಮಗೂನ ನಡುನೀರಲ್ಲಿ ಕೈಬಿಟ್ರಲ್ಲ ರೀ.” ಅದಕ್ಕೂ ನಾನು, ಅವಳಿನ್ನೂ ದಡದಲ್ಲಿದ್ದಳು, ನಡುನೀರು ಹೇಗಾಗುತ್ತೆ ಎಂದು ತಿದ್ದಿದೆ. ತಿದ್ದುವುದು ನನಗೆ ಉಸಿರಾಟದ ಹಾಗೆ. ಅವಳ ಅಡುಗೆಯ ಉಪ್ಪು ತಿದ್ದಿದೆ, ಕಾಗದದ ಒಕ್ಕಣೆ ತಿದ್ದಿದೆ, ಆಸ್ಪತ್ರೆಯಲ್ಲಿ ಮಲಗಿದ್ದಾಗ ಔಷಧಿಯ ಹೆಸರು ತಪ್ಪು ಹೇಳಿದಳೆಂದು ಅದನ್ನೂ ತಿದ್ದಿದೆ. ಅವಳು ನಕ್ಕು, “ಸರಿ ಮೇಷ್ಟ್ರೇ,” ಎಂದಳು. ಎಲ್ಲಿದ್ದೆ ನಾನು?

ಹಾಂ, ದಡದಲ್ಲಿ. ಮರುದಿನ ನಾನು, ಆ ಹುಡುಗಿಯನ್ನು ಕರೆದು ನಿನ್ನ ಉತ್ತರವೇ ಸರಿ ಮಗು ಎಂದು ಹೇಳಿಬಿಡುತ್ತೇನೆ ಎಂದೆ. “ಬೇಡ,” ಎಂದಳು ನನ್ನವಳು. “ಅವಳು ಮಾತಾಡಿದ್ದು ಸಾರ್ ಹತ್ರ ಅಲ್ಲ, ಅಂಬಿಗನ ಹತ್ರ. ಅಂಬಿಗನೇ ಬರ್ಬೇಕು.” ಅವಳ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು: ಆಟ ಮುರಿದರೆ ಹೊಸದಾಗಿ ಶುರು ಮಾಡುವ ಹಾಗಿಲ್ಲ, ಮುರಿದ ಜಾಗದಿಂದಲೇ ಮುಂದುವರಿಯಬೇಕು. ಹಾಗಾಗಿ ಪ್ರತಿ ಗುರುವಾರ ಮೊದಲ ಹತ್ತು ನಿಮಿಷ ಐದು ಸಲದಲ್ಲಿ ದಾಟಿದ ನಲವತ್ತು ಜನ ಕಿಟಕಿಯ ಕಡೆ, ಉಳಿದ ಐದು ಜನ ಕಪ್ಪುಹಲಗೆಯ ಕೆಳಗೆ. ನಡುವೆ ಟೋಪಿ ಹಾಕಿಕೊಂಡ ನಾನು. “ಅಮ್ಮಾ, ನನಗೆ ಲೆಕ್ಕ ಬರಲ್ಲ. ಇನ್ನೇನು ಮಾಡ್ಲಿ?” ಒಂದು ವಾರ ಕೇಳಿದೆ. ಎರಡು ವಾರ ಕೇಳಿದೆ. ಏಳು ವಾರ ಕೇಳಿದೆ. ಸ್ಟಾಫ್ ರೂಮಿನಲ್ಲಿ ನನಗೂ ಒಂದು ಅಡ್ಡಹೆಸರು ಬಂತು, ಅದನ್ನು ಇಲ್ಲಿ ಹೇಳುವುದಿಲ್ಲ. ಮೂವತ್ತಾರು ವರ್ಷದಲ್ಲಿ ನನಗೆ ಗೊತ್ತಿಲ್ಲ ಎಂದು ತರಗತಿಯಲ್ಲಿ ನಾನು ಹೇಳಿದ್ದು ಆ ಏಳು ಸಲ ಮಾತ್ರ.

ಎಂಟನೆಯ ಗುರುವಾರ ಕೇಳಲು ಬಾಯಿ ತೆರೆದಿದ್ದೆ. ಆ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನ್ ಅಂಬಿಗಣ್ಣ, ಬರೀ ಕೇಳ್ತಾನೇ ಇರ್ತೀಯಾ? ನಾವಿನ್ನೂ ಇಲ್ಲೇ ಇದ್ದೀವಿ, ಕಾಣ್ಸಲ್ವಾ? ದೋಣಿ ತಿರುಗ್ಸು!”

ತಿರುಗಿಸಿದೆ. ಖಾಲಿ ಬೆಂಚನ್ನು ಎಳೆದುಕೊಂಡು ಹೋದೆ. ಅದು ಆರನೆಯ ಸಲ. ಒಬ್ಬೊಬ್ಬರನ್ನೇ ಕೈಹಿಡಿದು ಹತ್ತಿಸಿದೆ. ಅಜ್ಜಿಯ ಕೈಯನ್ನೂ ಹಿಡಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು, ನಾಲ್ಕು ಜನರ ಎದುರು ಅವಳ ಕೈ ಹಿಡಿದದ್ದು ಅದೇ ಮೊದಲು. “ಬಿದ್ಬಿಟ್ಟಾಳು, ಮೆಲ್ಲಗೆ,” ಎಂದು ಯಜಮಾನತಿ ನನಗೆ ಗದರಿದಳು.

ಆ ಹುಡುಗಿ ಮುಂದೆ ದೊಡ್ಡ ಎಂಜಿನಿಯರ್ ಆದಳು ಎಂದು ನಾನು ಹೇಳಬೇಕೆಂದು ನೀವು ಕಾಯುತ್ತಿದ್ದೀರಿ. ಇಲ್ಲ. ಒಂಬತ್ತನೆಯ ತರಗತಿಯಲ್ಲಿ ಗಣಿತದಲ್ಲೇ ಒಮ್ಮೆ ಫೇಲಾಗಿ ಕೂತಳು. ಈಗ ಏನು ಮಾಡುತ್ತಾಳೋ ತಿಳಿಯದು. ಹೋದ ವರ್ಷ ಬಸ್ ನಿಲ್ದಾಣದಲ್ಲಿ ಟಿಕೆಟ್ ಸಾಲಿಗೆ ನಡುವೆ ನುಗ್ಗಿದ ಒಬ್ಬ ದಾಂಡಿಗನನ್ನು ಅವಳು ನಿಲ್ದಾಣ ಪೂರ್ತಿ ಕೇಳುವ ಹಾಗೆ ತರಾಟೆಗೆ ತೆಗೆದುಕೊಂಡು ಹಿಂದಕ್ಕೆ ಕಳಿಸಿದಳು. ನಾನು ಆರು ಜನರ ಹಿಂದೆ ನಿಂತಿದ್ದೆ. ಅವಳು ನನ್ನನ್ನು ನೋಡಲಿಲ್ಲ. ಸಭಿಕರೇ, ನನ್ನ ಶಿಷ್ಯರು ನೂರಕ್ಕೆ ನೂರು ತೆಗೆದಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ಹಾಗಾದರೆ ಸಹಿ ಏಕೆ ಹಾಕಿದೆ? ಗಣಿತಕ್ಕೆ ಹೊತ್ತು ಸಾಲದು ಎಂದು ಸಮಿತಿಯಲ್ಲಿ ಹೇಳಿದೆ. ನಿಜವಾದ ಕಾರಣ ಅದಲ್ಲ. ನನ್ನವಳು ಹೋಗಿ ಮೂರು ವರ್ಷ. ಈಗಿನ ಟೀಚರಮ್ಮ ಅವಳದೇ ಕೋಣೆಯಲ್ಲಿ ಅವಳ ಹಾಗೆಯೇ ಮಕ್ಕಳನ್ನು ಆಡಿಸುತ್ತಾರೆ. ಶಾಲೆಗೆ ಬಂದಾಗಲೆಲ್ಲ ಆ ಗದ್ದಲ ಕೇಳುತ್ತದೆ. ಬಾಗಿಲು ತಳ್ಳಿದರೆ ಒಳಗೆ ಅವಳಿಲ್ಲ. ಆ ಗದ್ದಲವೇ ನಿಂತರೆ ಸಾಕೆನಿಸಿತ್ತು. ಇದನ್ನು ಹೇಳಬೇಕೆಂದು ಬಂದವನಲ್ಲ, ಬಾಯಿಗೆ ಬಂತು.

ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಪೂರ್ತಿ ನೆನಪಿರುವುದು ರಜೆಚೀಟಿಯ ಮೊದಲ ಸಾಲು ಒಂದೇ. ಅದನ್ನೇ ಬಳಸುತ್ತೇನೆ. ಅಧ್ಯಕ್ಷರೇ, ಐ ಬೆಗ್ ಟು ಸ್ಟೇಟ್ ದಟ್, ನನ್ನ ಸಹಿ ವಾಪಸ್. ಕಾರ್ಯದರ್ಶಿಗಳೇ, ಆ ಕಾಗದ ನಿಮ್ಮ ಕೈಯಲ್ಲೇ ಇದೆ, ಕಾಣುತ್ತಿದೆ. ದಯವಿಟ್ಟು ನನ್ನ ಹೆಸರು ಹೊಡೆದುಹಾಕಿ. ಪುನರಾವರ್ತನೆ ಬೇಕಿದ್ದವರಿಗೆ ಶಾಲೆ ಬಿಟ್ಟ ಮೇಲೆ ನಾನೇ ಕೂತು ಹೇಳಿಕೊಡುತ್ತೇನೆ.

ಗುರುವಾರದ ನಾಲ್ಕನೆಯ ಪೀರಿಯಡ್ಡಿಗೆ ಆ ಕೋಣೆಯ ಒಳಗೆ ಬರಲು ಟೀಚರಮ್ಮನವರ ಅಪ್ಪಣೆ ಕೇಳುತ್ತಿದ್ದೇನೆ. ಯಾವ ಪಾತ್ರ ಕೊಟ್ಟರೂ ಸರಿ. ಓ, ತಲೆಯಾಡಿಸಿದರು. ಪೋಷಕರೇ, ನೀವೂ ಬನ್ನಿ; ನೆಲದ ಮೇಲೆ ಕೂರಬೇಕು, ಮಕ್ಕಳು ಹೇಳಿದ್ದನ್ನು ಕೇಳಬೇಕು, ತಿದ್ದುವ ಹಾಗಿಲ್ಲ. ಕಷ್ಟ. ನನಗೆ ಇನ್ನೂ ಬಂದಿಲ್ಲ, ಕಲಿಯಲು ಬರುತ್ತಿದ್ದೇನೆ.

ಹತ್ತು ನಿಮಿಷ ಎಂದೋ ಆಗಿಹೋಗಿದೆ. ಸಹಿಸಿದ ಅಧ್ಯಕ್ಷರಿಗೆ, ಗಡಿಯಾರ ತೋರಿಸದ ಕಾರ್ಯದರ್ಶಿಗಳಿಗೆ, ಆಕಳಿಕೆ ನುಂಗಿಕೊಂಡ ನಿಮಗೆಲ್ಲರಿಗೂ ನನ್ನ ಮತ್ತು ನನ್ನ ಹೆಂಡತಿಯ ಪರವಾಗಿ ಕೃತಜ್ಞತೆಗಳು. ನಮಸ್ಕಾರ.