ಅಣುಸ್ಥಾವರದ ಸಭೆಯ ಬಾಗಿಲಲ್ಲಿ ಮಾವನವರನ್ನು ತಡೆದ ಬಗ್ಗೆ

ನಾನು, ವಯಸ್ಸು ಇಪ್ಪತ್ತೈದು, ಮದುವೆಗೆ ಮುಂಚೆ ನರ್ಸರಿ ಶಾಲೆಯಲ್ಲಿ ಟೀಚರ್, ಈಗ ಮನೆಯಲ್ಲೇ ಇರುವವಳು, ವಾಸ ಸ್ಥಾವರದ ರಸ್ತೆಯಲ್ಲಿರುವ ಹೊಲಿಗೆ ಅಂಗಡಿಯ ಮೇಲಿನ ಮಹಡಿ. ಯಾರೂ ಕರೆಸದೆ, ನಾನಾಗಿಯೇ ಠಾಣೆಗೆ ಬಂದು ತಿಳಿಸುತ್ತಿರುವುದು ಏನೆಂದರೆ:

ನನ್ನ ಮದುವೆಯಾಗಿ ಆರು ವಾರವಾಗಿದೆ. ನನ್ನ ಗಂಡ ಅಣುವಿದ್ಯುತ್ ಸ್ಥಾವರದ ವಿಕಿರಣ ಸುರಕ್ಷತಾ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ತುಂಬಾ ಒಳ್ಳೆಯವರು, ನಿದ್ದೆಯಲ್ಲೂ ನಗುತ್ತಾರೆ. ಇದನ್ನೆಲ್ಲ ಹೇಳಬೇಕಾಗಿಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಹೇಳಿದರು, ಆದರೆ ಅಷ್ಟರಲ್ಲಿ ಬರೆದುಕೊಂಡಾಗಿತ್ತು. ಕೆಳಗಿನ ಅಂಗಡಿ ನನ್ನ ಮಾವನವರದು. ಅವರು ಮೂವತ್ತು ವರ್ಷದಿಂದ ದರ್ಜಿ. ಮೊದಲು ಸ್ಥಾವರದ ನೌಕರರ ಸಮವಸ್ತ್ರವನ್ನೂ ಹೊಲಿಯುತ್ತಿದ್ದರು. ಎರಡನೇ ಘಟಕ ಬರುತ್ತದೆ, ನಮ್ಮ ಬೀದಿಯ ಹಿಂದಿನ ಸಾಲಿನವರೆಗೂ ಜಾಗ ಹೋಗುತ್ತದೆ ಎಂದು ಗೊತ್ತಾದ ದಿನ ಅದನ್ನು ಬಿಟ್ಟುಬಿಟ್ಟರು. ಈಗ ನನ್ನ ಗಂಡ ಹಾಕುವ ಅಂಗಿ ಬೇರೆಯವರು ಹೊಲಿದದ್ದು. ಅದರ ಭುಜ ಸರಿಯಾಗಿ ಕೂತಿಲ್ಲ ಎಂದು ಮಾವನವರು ದಿನಾ ಬೆಳಿಗ್ಗೆ ಗೋಡೆಯ ಕಡೆ ತಿರುಗಿ ಹೇಳುತ್ತಾರೆ.

ಸ್ಥಾವರದ ವಿಷಯದಲ್ಲಿ ತಂದೆ ಮಗನಿಗೆ ಊಟದ ಹೊತ್ತಿಗೆ ವಾದವಾಗುವುದು ಮಾಮೂಲು. ದುಡ್ಡಿರುವ ದೇಶಗಳಲ್ಲೇ ಕೆಲವರು ಇದನ್ನು ಬೇಡ ಎಂದು ಮುಚ್ಚುತ್ತಿದ್ದಾರೆ, ನಮ್ಮಂಥ ಬಡವರಿಗೆ ಯಾಕೋ ಈ ಹುಚ್ಚು, ಅದರ ಕಸವನ್ನು ನನ್ನ ಮೊಮ್ಮಗನ ಮರಿಮಗ ಕಾಯಬೇಕಾ ಎಂದು ಮಾವನವರು ಕೇಳುತ್ತಾರೆ. ಆ ದೇಶದವರು ಹೊಟ್ಟೆತುಂಬ ಕರೆಂಟು ಉರಿಸಿ ಈಗ ನಮಗೆ ಉಪವಾಸದ ಪಾಠ ಹೇಳ್ತಾರೆ ಅಪ್ಪಾ, ಇಲ್ಲಿ ಇನ್ನೂ ದಿನಕ್ಕೆ ಎರಡು ಸಲ ಕರೆಂಟು ಹೋಗುತ್ತೆ, ಕಲ್ಲಿದ್ದಲು ಸುಟ್ಟರೆ ಆ ಹೊಗೆ ಕುಡಿಯೋರು ಯಾರು ಎಂದು ನನ್ನ ಗಂಡ ಹೇಳುತ್ತಾರೆ. ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ. ಕಡೆಗೆ ಮಾವನವರು ಯಾವಾಗಲೂ ಒಂದೇ ಮಾತಿಗೆ ಬರುತ್ತಾರೆ: "ಅಷ್ಟು ಸೇಫ್ ಆದ್ರೆ ನನ್ನ ಅಂಗಡಿ ತಾರಸಿ ಮೇಲೆ ಸೈರನ್ ಯಾಕೋ ಕೂರ್ಸಿದ್ರಿ? ಕೂರ್ಸೋ ಮುಂಚೆ ಒಂದು ಮಾತು ಕೇಳಿದ್ರಾ?" ಆಗ ಅತ್ತೆಯವರು, ಇಬ್ರೂ ಬಾಯಿ ಮುಚ್ಚಿ ಉಣ್ಣಿ, ನಿಮ್ಮ ಜಗಳದ ಶಾಖಕ್ಕೇ ಈ ಮನೆ ಬಲ್ಬು ಉರಿಯುತ್ತೆ ಎಂದು ತಟ್ಟೆ ಎತ್ತುತ್ತಾರೆ.

ಎರಡು ವಾರದ ಹಿಂದೆ ನಾನು ಕೆಳಗೆ ಟೀ ಕೊಡಲು ಹೋದಾಗ ಮಾವನವರು ಹೊಲಿಗೆ ಯಂತ್ರದ ಅಂಚು ಹಿಡಿದು ಬೆವರುತ್ತಿದ್ದರು. ಎದೆ ಹಿಡಿದಂತಾಯಿತು ಎಂದರು. ಎರಡನೇ ಘಟಕದ ಬಗ್ಗೆ ಸಾರ್ವಜನಿಕ ಸಭೆ ಇಟ್ಟಿದ್ದಾರೆ, ಬೀದಿಯವರ ಪರವಾಗಿ ತಾನೇ ಮೊದಲು ಮಾತಾಡಬೇಕು, ಮನೆಯಲ್ಲಿ ತಿಳಿದರೆ ಹಾಸಿಗೆಗೆ ಕಟ್ಟಿಹಾಕುತ್ತಾರೆ, ಅದು ಮುಗಿಯುವವರೆಗೆ ಯಾರಿಗೂ ಹೇಳಬೇಡ ಎಂದು ಕೇಳಿಕೊಂಡರು. ನಾನು ಒಪ್ಪಿ, ಗುಟ್ಟಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಹೃದಯದ ಸ್ಕ್ಯಾನಿಂಗ್ ಆಗಬೇಕು ಎಂದು ದಿನ ಕೊಟ್ಟರು. ಅದು ಸಭೆಯ ದಿನವೇ, ಅಂದರೆ ಇಂದು ಗುರುವಾರ, ಬೆಳಿಗ್ಗೆ ಸಿಕ್ಕಿತು.

ಇಂದು ಬೆಳಿಗ್ಗೆ ಗುಂಡಿ, ಲೈನಿಂಗ್ ಬಟ್ಟೆ ತರಲು ಹೋಗುತ್ತೇವೆಂದು ಹೇಳಿ ಇಬ್ಬರೂ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಮಾವನವರು, ನೀನು ಇಂಗ್ಲಿಷ್ ಮೀಡಿಯಂ ಓದಿದವಳು ಪಕ್ಕದಲ್ಲಿದ್ದರೆ ಡಾಕ್ಟರು ಅರ್ಧ ಮಾತು ನುಂಗೋದಿಲ್ಲ, ಅದಕ್ಕೇ ಧೈರ್ಯ ಎಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಳಲಾರೆ.

ಆ ವಿಭಾಗದ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಎಂದು ಬರೆದಿತ್ತು. ಪಕ್ಕದಲ್ಲಿ ಹಳದಿ ಬಣ್ಣದ ಮೂರು ರೆಕ್ಕೆಯ ವಿಕಿರಣದ ಗುರುತನ್ನು ಒಂದು ಹೂಕುಂಡ ಮರೆ ಮಾಡಿತ್ತು. ಏನಮ್ಮಾ ಬರ್ದಿದೆ ಎಂದು ಮಾವನವರು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅಲ್ಲಿಂದಲೇ ತಿರುಗಿ ನಡೆಯುತ್ತಾರೆಂದು ನನಗೆ ಖಾತ್ರಿಯಿತ್ತು. ಆದ್ದರಿಂದ, ಸ್ಪೆಷಲ್ ಸ್ಕ್ಯಾನಿಂಗ್ ಅಂತ ಇದೆ ಮಾವ ಎಂದೆ. ಒಪ್ಪಿಗೆ ಪತ್ರವನ್ನೂ ನಾನೇ ಓದಿ, ಒಂದು ಔಷಧಿ ಚುಚ್ಚಿ ಫೋಟೋ ತೆಗೆಯುತ್ತಾರಂತೆ ಎಂದಷ್ಟೇ ಹೇಳಿದೆ. ಅವರು ಸಹಿ ಮಾಡಿದರು.

ಇಂಜೆಕ್ಷನ್ ಕೊಡುವ ಟೆಕ್ನಿಷಿಯನ್ ನನಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದರು. ಔಷಧಿಯಲ್ಲಿ ಸ್ವಲ್ಪ ವಿಕಿರಣ ಇರುತ್ತದೆ, ರಕ್ತದ ಜೊತೆ ಹೃದಯಕ್ಕೆ ಹೋಗಿ ಅಲ್ಲಿ ಬೆಳಗುತ್ತದೆ, ಕ್ಯಾಮೆರಾ ಅದನ್ನು ನೋಡುತ್ತದೆ, ಹೆದರುವಂಥದ್ದಲ್ಲ, ನಾಳೆಯ ಹೊತ್ತಿಗೆ ಬಹುಪಾಲು ಹೋಗಿಬಿಡುತ್ತದೆ ಎಂದರು. ನಾನು ಗರ್ಭಿಣಿಯೇ ಎಂದೂ ಕೇಳಿದರು. ನನ್ನ ಮುಖ ಕೆಂಪಾಯಿತು. ಮಾವನವರು ತಕ್ಷಣ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು. ಇಂದು ಎಲ್ಲಿಗಾದರೂ ಪ್ರಯಾಣ ಇದೆಯಾ, ಇದ್ದರೆ ತಪಾಸಣೆಯಲ್ಲಿ ತೋರಿಸಲು ಒಂದು ಚೀಟಿ ಕೊಡುತ್ತೇವೆ ಎಂದು ಟೆಕ್ನಿಷಿಯನ್ ಕೇಳಿದಾಗ, ಇಲ್ಲ, ಊರಲ್ಲೇ ಒಂದು ಸಭೆ ಎಂದೆ. ಯಾವ ಸಭೆ ಎಂದು ಅವರು ಕೇಳಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಸ್ಥಾವರದ ಹೊರ ಆವರಣದ ತರಬೇತಿ ಭವನಕ್ಕೆ ಬಂದೆವು. ಬಾಗಿಲಲ್ಲಿ ವಿಕಿರಣ ಪತ್ತೆ ಮಾಡುವ ಚೌಕಟ್ಟು ನಿಲ್ಲಿಸಿದ್ದರು. ಸ್ಥಾವರದಲ್ಲಿ ಜನ ಹೊರಗೆ ಹೋಗುವಾಗ ಮಾತ್ರ ಅದರಲ್ಲಿ ಹಾಯುವುದು ರೂಢಿ. ಸಭೆಗೆ ಬಂದವರು ಒಳಗೆ ಬರುವಾಗಲೂ ಹಾಯಲಿ, ಬಂದಷ್ಟೇ ಶುದ್ಧವಾಗಿ ಹೋದರೆಂದು ಅವರ ಕಣ್ಣಿಗೇ ಕಾಣಲಿ, ಭಯ ಹೋಗುತ್ತದೆ ಎಂದು ಯೋಚಿಸಿ ಅದನ್ನು ಇಡಿಸಿದ್ದು ನನ್ನ ಗಂಡ. ಮನೆಯಲ್ಲಿ ಹೇಳಿರಲಿಲ್ಲ. ಅವರೇ ಪಕ್ಕದಲ್ಲಿ ನಿಂತಿದ್ದರು. ನಾನು ಹೆಂಗಸರ ಸಾಲಿನಲ್ಲಿ ಹಿಂದೆ ಇದ್ದೆ. ಚೌಕಟ್ಟು ನೋಡಿದ ಕೂಡಲೇ ನನಗೆ ಬೆಳಗಿನ ಇಂಜೆಕ್ಷನ್ ನೆನಪಾಯಿತು. ಮಾವಾ, ತಡೀರಿ ಎಂದು ಕೂಗಿದೆ. ಅಷ್ಟರಲ್ಲಿ ಅವರು ಕಾಲಿಟ್ಟಿದ್ದರು.

ಕೆಂಪು ದೀಪ ಹತ್ತಿ ಚೌಕಟ್ಟು ಕಿರುಚಿಕೊಂಡಿತು. ಹಿಂದಿನಿಂದ ಯಾರೋ, ಸೋರಿಕೆಯಾಗಿದೆ, ಓಡ್ರೋ ಎಂದರು. ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಗಾಜಿನ ಬಾಗಿಲು ಒಡೆಯಿತು. ನಮ್ಮ ಬೀದಿಯ ಹಾಲಿನ ಅಂಗಡಿಯ ಅಕ್ಕನ ಮಣಿಕಟ್ಟು ಮುರಿಯಿತು. ನನ್ನನ್ನೂ ನೂಕಿಕೊಂಡು ರಸ್ತೆಯವರೆಗೆ ಬಂದರು, ಗೇಟು ಹಾಕಿದರು. ಒಳಗಿರುವವರು ನನ್ನ ಮಾವ, ನನಗೆ ಕಾರಣ ಗೊತ್ತು ಎಂದು ಎಷ್ಟು ಹೇಳಿದರೂ ಕಾವಲುಗಾರ, ಇಲ್ಲಿ ಎಲ್ಲರಿಗೂ ಕಾರಣ ಗೊತ್ತು ತಾಯಿ, ಆ ಕಡೆ ನಿಲ್ಲಿ ಎಂದನು. ನನ್ನ ಗಂಡನ ಫೋನ್ ಅವರ ಲಾಕರಿನಲ್ಲಿತ್ತು. ಮುಕ್ಕಾಲು ಗಂಟೆಯ ನಂತರ ಅವರ ಜೊತೆ ಕೆಲಸ ಮಾಡುವವರೊಬ್ಬರು ನನ್ನನ್ನು ಗುರುತಿಸಿ ಒಳಗೆ ಬಿಟ್ಟರು.

ಒಳಗೆ ಒಂದು ಕೋಣೆಯಲ್ಲಿ ಮಾವನವರು ಬನಿಯನ್ನಿನಲ್ಲಿ ಕುರ್ಚಿಯ ಮೇಲಿದ್ದರು. ಮೇಜಿನ ಮೇಲೆ ಅವರ ಅಂಗಿ, ಅಳತೆ ಟೇಪು, ಸೀಮೆಸುಣ್ಣ, ಕನ್ನಡಕ ಇಟ್ಟಿದ್ದರು. ನನ್ನ ಗಂಡ ಕೈಯಲ್ಲಿ ಹಿಡಿಯುವ ಮೀಟರನ್ನು ಅವರ ಎದೆಯ ಹತ್ತಿರ ಹಿಡಿದಿದ್ದರು. ಅದು ಕಟಕಟ ಎನ್ನುತ್ತಿತ್ತು. ಅಪ್ಪಾ, ಏನು ಮುಟ್ಟಿದ್ರಿ, ಎಲ್ಲಿಗೆ ಹೋಗಿದ್ರಿ, ಹೇಳಿ ಅಪ್ಪಾ ಎಂದು ಕೇಳುತ್ತಿದ್ದರು. ಮಾವನವರು, ನಾನು ಬಂದಾಗ ಕೂಗು ಅಂತ ಯಂತ್ರಕ್ಕೆ ಹೇಳಿಕೊಟ್ಟು ಈಗ ನನ್ನನ್ನ ಕೇಳ್ತೀಯೇನೋ ಎಂದರು. ಭದ್ರತಾ ಅಧಿಕಾರಿಯವರು, ಈತ ಎಲ್ಲಿಂದಲೋ ವಿಕಿರಣ ವಸ್ತು ತಂದು ಮೈಗೆ ಸವರಿಕೊಂಡು ಸಭೆ ಕೆಡಿಸಿದ್ದಾರೆ, ನಾಳೆ ಮುಂದುವರಿಯುವ ಸಭೆಯಲ್ಲಿ ಮಾತಾಡುವುದಿಲ್ಲ ಎಂದು ಬರೆದುಕೊಟ್ಟರೆ ಇಲ್ಲಿಗೇ ಮುಗಿಸುತ್ತೇವೆ, ಇಲ್ಲವಾದರೆ ಪೊಲೀಸರಿಗೆ ಒಪ್ಪಿಸುತ್ತೇವೆ ಎಂದರು. ಮಾವನವರು, ಒಪ್ಪಿಸಿ ಎಂದು ಎರಡೂ ಕೈ ಮುಂದೆ ಚಾಚಿದರು.

ಆಗ ನಾನು ಎಲ್ಲರ ಎದುರಿಗೆ ಆಸ್ಪತ್ರೆಯ ವಿಷಯ, ಇಂಜೆಕ್ಷನ್ನಿನಲ್ಲಿ ವಿಕಿರಣ ಇದ್ದದ್ದು, ಎಲ್ಲ ಹೇಳಿದೆ. ನನ್ನ ಗಂಡ ಮೀಟರನ್ನು ಕೆಳಗಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡರು. ನಗುತ್ತಿದ್ದಾರೆ ಎಂದುಕೊಂಡೆ. ನಗುತ್ತಿರಲಿಲ್ಲ. ಆಮೇಲೆ, ಎದೆನೋವು ಯಾವಾಗಿಂದ ಅಪ್ಪಾ ಎಂದು ಕೇಳಿದರು. ಮಾವನವರು ನನ್ನ ಕಡೆ ತಿರುಗಿ, "ನಿನಗೆ ಗೊತ್ತಿತ್ತಾ ಮಗಳೇ?" ಎಂದರು. ಗೊತ್ತಿತ್ತು ಮಾವ ಎಂದೆ. "ಹೇಳಿದ್ರೆ ಚುಚ್ಚಿಸ್ಕೊತಿದ್ನೋ ಏನೋ. ಜೀವದ ಆಸೆ ಯಾರಿಗಿಲ್ಲ? ಆದ್ರೆ ನೀನು ನನ್ನನ್ನ ಕೇಳ್ಲೇ ಇಲ್ವಲ್ಲ" ಎಂದು ಅಂಗಿ ಹಾಕಿಕೊಂಡರು. ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿತ್ತು. ಅವರು ಹಾಗೆ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭದ್ರತಾ ಅಧಿಕಾರಿಯವರು ನನ್ನ ಮಾತು ನಂಬದೆ ಮಾವನವರನ್ನು ಈ ಠಾಣೆಗೆ ಕಳಿಸಿರುತ್ತಾರೆ. ಆಸ್ಪತ್ರೆಗೆ ಫೋನ್ ಮಾಡಿದರೆ ಸತ್ಯ ತಿಳಿಯುತ್ತದೆ. ನನ್ನ ಮಾವನವರು ಏನನ್ನೂ ಕದ್ದಿಲ್ಲ, ಸಭೆ ಕೆಡಿಸಲು ಬಂದಿಲ್ಲ. ಅವರನ್ನು ಬಿಡಬೇಕು, ನಾಳೆ ಹತ್ತು ಗಂಟೆಗೆ ಮಾತಾಡುವವರ ಪಟ್ಟಿಯಿಂದ ಅವರನ್ನು ಕೈಬಿಡಬಾರದು ಎಂದು ಕೇಳಿಕೊಳ್ಳುತ್ತೇನೆ.

ಈ ಹೇಳಿಕೆಯಲ್ಲಿ ಆಸ್ಪತ್ರೆಯ ಬೋರ್ಡನ್ನು ಬೇರೆ ಓದಿ ಹೇಳಿದ ವಿಷಯ ಬಿಟ್ಟುಬಿಡು, ನಿನಗೆ ತೊಂದರೆ ಎಂದು ಜೊತೆಗೆ ಬಂದಿರುವ ನನ್ನ ಗಂಡ ಹೇಳಿದರು. ಬಿಡಬೇಡ, ನಾಳೆ ನಾನು ಮೈಕಿನಲ್ಲಿ ಅದನ್ನೇ ಹೇಳೋದು ಎಂದು ಮಾವನವರು ಲಾಕಪ್ಪಿನ ಬೆಂಚಿನಿಂದ ಕೂಗಿ ಹೇಳಿದರು: "ಇವಳು ಪ್ರೀತಿಯಿಂದ ಮುಚ್ಚಿಟ್ಟಳು. ಪ್ರೀತಿ ಇರೋರೇ ಹೀಗೆ ಮಾಡಿದ್ರೆ, ನನ್ನ ಮುಖ ಪರಿಚಯವೂ ಇಲ್ಲದೋರು ಪೂರ್ತಿ ಹೇಳ್ತಾರೆ ಅಂತ ಹೇಗೆ ನಂಬ್ಲಿ?" ನೀವು ಬೇಡ ಅನ್ನೋ ವಿಕಿರಣವೇ ತಾನೇ ಅಪ್ಪಾ ನಿಮ್ಮ ಹೃದಯ ನೋಡಿದ್ದು, ಅದನ್ನೂ ಮೈಕಿನಲ್ಲಿ ಹೇಳಿ ಎಂದು ನನ್ನ ಗಂಡ ಕಂಬಿಯ ಈಚೆಯಿಂದ ಹೇಳಿದರು. ಹೇಳ್ತೀನಿ ಕಣೋ, ನಾನು ಏನನ್ನೂ ಮುಚ್ಚಿಡೋನಲ್ಲ ಎಂದು ಮಾವನವರು ಹೇಳಿದ್ದನ್ನು ಠಾಣೆಯವರೂ ಕೇಳಿದ್ದಾರೆ.

ಸ್ಕ್ಯಾನಿಂಗ್ ವರದಿ ನಾಳೆ ಬೆಳಿಗ್ಗೆ ಬರುತ್ತದೆ. ಅದರಲ್ಲಿ ಏನೇ ಇದ್ದರೂ ಸಭೆಗೆ ಹೋಗುವ ಮುಂಚೆ ಮಾವನವರಿಗೆ, ಒಂದು ಪದವನ್ನೂ ಬಿಡದೆ, ನಾನೇ ಓದಿ ಹೇಳುತ್ತೇನೆ.

ನಾನು ಹೇಳಿದ್ದನ್ನು ಬರೆದುಕೊಂಡು ನನಗೆ ಪೂರ್ತಿ ಓದಿ ಕೇಳಿಸಿದ್ದಾರೆ. ನನಗೆ ಅರ್ಥವಾಗಿದೆ. ಇದರಲ್ಲಿ ನಾನು ಸೇರಿಸಿದ್ದಿಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ಸ್ಥಾವರದ ರಸ್ತೆಯ ಹೊರಠಾಣೆ
ದಿನ: ಹದಿನಾಲ್ಕನೇ ತಾರೀಖು, ಗುರುವಾರ, ಸಂಜೆ
ಸಹಿ: ದರ್ಜಿಯವರ ಸೊಸೆ