ಅಪ್ಪನ ಹೆಸರಿನ ಸಮಸ್ಯೆ

ಬೇಡ ಅಂದ್ನಲ್ಲ! ಆ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಬೇಡ. ಕನ್ನಡಕದ ಅಂಗಡೀಲಿ ದಿನವಿಡೀ ಊರವರ ಕಣ್ಣು ನೋಡಿ ನೋಡಿ ನನ್ನ ಕಣ್ಣೇ ಸೋತಿರುತ್ತೆ, ಈಗ ನಿನ್ನ ಯಂತ್ರದ ಅಂಕಿಗಳನ್ನ ಬೇರೆ ಓದ್ಲಾ? ಬಾಯಲ್ಲೇ ಹೇಳು. ಹ್ಞಾಂ, ಅದೇ ಮಾತು, ಇನ್ನೊಂದ್ಸಲ... "ಅಕ್ಕಾ, ಅಪ್ಪ ಕಟ್ಟಿದ ಚೆಸ್ ಸಮಸ್ಯೆ ಸರಿಯಾಗೇ ಇತ್ತು." ಆಹಾ! ಎಷ್ಟು ಸಲೀಸಾಗಿ ಬಂತಪ್ಪ ಬಾಯಿಂದ! ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ.

ಯಾಕೆ, ಮುಖ ಯಾಕೆ ಸಣ್ಣದು ಮಾಡ್ಕೋತೀಯ? ನಾನು ಕುಣಿದಾಡ್ತೀನಿ ಅಂದ್ಕೊಂಡಿದ್ಯಾ? ಅಂಗಡಿಗೆ ಫೋನ್ ಮಾಡಿ "ಈಗಲೇ ಬಾ" ಅಂದೆ. ಏನಾಯ್ತೋ ಏನೋ ಅಂತ ನಿಮ್ಮ ಭಾವನ್ನ ಗಲ್ಲಾದಲ್ಲಿ ಕೂರಿಸಿ ಓಡಿ ಬಂದೆ. ಅವರೋ, ಓದೋ ಕನ್ನಡಕ ಕೇಳಿದವರಿಗೆ ಬಿಸಿಲ ಕನ್ನಡಕ ಕೊಟ್ಟು ಕಳಿಸೋ ಪುಣ್ಯಾತ್ಮ... ನಗ್ತೀಯಾ? ನಗು, ನಗು. ನಗೋ ಯೋಗ ನಿನಗೇ ತಾನೆ ಬರೆದಿರೋದು.

ಅಪ್ಪ ಹೋಗಿ ವರ್ಷ ಆಯ್ತು ಕಣೋ. ಈಗ ಯಾರಿಗೆ ಹೇಳ್ತೀಯ? ಗೋಡೆ ಮೇಲಿರೋ ಫೋಟೋಗಾ?

ಇಲ್ಲ, ನೀನು ಕೂತ್ಕೋ. ನಾನು ಮಾತಾಡ್ತೀನಿ. ಆ ದಿನ ನೆನಪಿದ್ಯಾ? ಚೆಸ್ ಕ್ಲಬ್ಬಿನ ದೊಡ್ಡ ಸಭಾಂಗಣ, ಜನ ಅಂದ್ರೆ ಜನ. ನಾನು ಹಿಂದಿನ ಸಾಲಲ್ಲಿ, ಮಡಿಲಲ್ಲಿ ಕೂಸು. ನೀನು ಮೊದಲನೇ ಸಲ ನಿನ್ನ ಚೆಸ್ ಆಡೋ ಯಂತ್ರ ತಂದಿದ್ದೆ. "ನಮ್ಮಪ್ಪ ಕಟ್ಟಿದ ಸಮಸ್ಯೆ, ಬಹುಮಾನ ಬಂದದ್ದು, ಇದನ್ನೇ ಹಾಕಿ ನೋಡೋಣ" ಅಂದೆ ಮೈಕಲ್ಲಿ. ಮಣೆ ಮೇಲೆ ಒಂದಿಷ್ಟು ಕಾಯಿ ಇಟ್ಟಿರುತ್ತೆ, ಬಿಳಿ ಆಡಿ ಗೆಲ್ಲಬೇಕು. ಅಪ್ಪ ಕೋಟಿನ ಗುಂಡಿ ಹಾಕ್ಕೊಂಡು ಎದ್ದು ನಿಂತ್ರು... ಮದುವೆ ಗಂಡಿನ ಹಾಗೆ! ಬಿಳಿ ತನ್ನ ಆನೇನ ಬಲಿ ಕೊಡುತ್ತೆ, ಕರಿ ಅದನ್ನ ಹೊಡೆಯುತ್ತೆ, ಅಷ್ಟರಲ್ಲಿ ಬಿಳಿ ಕಾಲಾಳು ಓಡಿ ಕೊನೆ ಮನೆ ಸೇರಿ ಮಂತ್ರಿ ಆಗುತ್ತೆ. ಚೆಸ್ ಪತ್ರಿಕೇಲಿ ಅಚ್ಚಾಗಿದ್ದ ಉತ್ತರ ಇಷ್ಟೇ. ನಿನ್ನ ಯಂತ್ರ ಏನಂತು? ಕರಿ ಆ ಆನೇನ ಮುಟ್ಟೋದೇ ಇಲ್ಲ. ಕುದುರೆ ತಂದು ಕಾಲಾಳಿನ ದಾರಿಗೆ ಅಡ್ಡ ನಿಲ್ಲಿಸುತ್ತೆ. ಗೆಲುವೂ ಇಲ್ಲ, ಗಿಲುವೂ ಇಲ್ಲ. ಡ್ರಾ!

ಹೌದೋ, ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದ್ರೆ? ನೀನೇ ತಾನೆ ಸೂರು ಹಾರಿ ಹೋಗೋ ಹಾಗೆ ಕೂಗಿ ಹೇಳಿದ್ದು. ಜನ ಚಪ್ಪಾಳೆ ತಟ್ಟಿದ್ರು. ಅಪ್ಪನೂ ತಟ್ಟಿದ್ರು. ನಿಂತ್ಕೊಂಡೇ.

ಮಾರನೇ ದಿನದಿಂದ ನಿನಗೆ ಕೆಲಸ ಏನು, ಕರೆ ಏನು, ಪತ್ರಿಕೇಲಿ ಚಿತ್ರ ಏನು! ಅಪ್ಪ ಮಣೆ ಮಡಿಸಿ ಬೀರು ಮೇಲೆ ಎಸೆದ್ರು, ಸಾಯೋತನಕ ಇಳಿಸ್ಲಿಲ್ಲ. ಯಾರು ಕೇಳಿದ್ರೂ "ಯಂತ್ರ ಹೇಳಿದ್ದೇ ಸರಿ" ಅನ್ನೋರು. ತಿಂಡಿ ಇಟ್ರೆ ತಿನ್ನೋರು, ಇಡದಿದ್ರೆ ಕೇಳ್ತಿರಲಿಲ್ಲ. ನೀನು ಬಂದಾಗ ಮಾತ್ರ "ಹೇಗಿದೆಯಪ್ಪ ನಿನ್ನ ಯಂತ್ರ" ಅಂತ ನಗ್ತಿದ್ರು. ಆ ನಗು ನೀನು ನೋಡಿದ್ದು, ನೀನು ಹೋದ ಮೇಲಿನ ಮುಖ ನಾನು ನೋಡಿದ್ದು. ಕೊಂದದ್ದು ಬೇರೆ ಯಾರೂ ಅಲ್ಲ ಕಣೋ, ನೀನೇ. ಮಗನೇ ಅಪ್ಪನ್ನ, ಮೈಕಲ್ಲಿ!

ಏನು? ನಿನ್ನ ತಪ್ಪಲ್ವಾ, ಯಂತ್ರದ್ದಾ? ಹೇಳಪ್ಪ, ಅದು ಹೇಗೆ?

...ಹೂಂ. ...ಹೂಂ. ಅಂದ್ರೆ, ಒಂದು ನಡೆಗೆ ಮೂವತ್ತು ಉತ್ತರ, ಒಂದೊಂದು ಉತ್ತರಕ್ಕೂ ಮತ್ತೆ ಮೂವತ್ತು, ಮರದಲ್ಲಿ ಕೊಂಬೆಗೆ ಕೊಂಬೆ ಒಡೆದ ಹಾಗೆ. ಎಲ್ಲಾ ಹತ್ತಿ ನೋಡೋಕೆ ಈ ಜನ್ಮ ಸಾಲಲ್ಲ. ಅದಕ್ಕೆ ಯಂತ್ರ ಕತ್ತಿ ಹಿಡ್ಕೊಂಡೇ ಮರ ಹತ್ತುತ್ತೆ. ಚೆಕ್ ಕೊಡೋ ನಡೆ, ಕಾಯಿ ಹೊಡೆಯೋ ನಡೆ ಮೊದಲು ನೋಡುತ್ತೆ. ಸುಮ್ಮನಿರೋ ನಡೇನ ಆಮೇಲೆ ನೋಡಿದ್ರೆ ನೋಡ್ತು, ಇಲ್ಲಾಂದ್ರೆ ಕಚಕ್! ಸರಿ, ಅರ್ಥ ಆಯ್ತು. ಮುಂದೆ?

...ಅಂದ್ರೆ, "ಕರಿ ತನ್ನ ಸರದಿ ಬಿಟ್ಟು ಸುಮ್ಮನೆ ಕೂತ್ರೂ ಅದಕ್ಕೇನೂ ಅಪಾಯ ಇಲ್ಲ, ಹಾಗಾದ್ರೆ ಈ ಕೊಂಬೇಲಿ ನೋಡೋಕೆ ಏನೂ ಇಲ್ಲ" ಅಂತ ನಿನ್ನ ಹಳೇ ಯಂತ್ರ ಲೆಕ್ಕ ಹಾಕ್ತಿತ್ತು. ಹಾಗೆ ಹಾಕಿದ್ರೆ ಕೆಲಸ ಬೇಗ ಮುಗಿಯುತ್ತೆ, ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗೂ ಇರುತ್ತೆ. ಭೇಷ್! ಆದ್ರೆ ಆಟದಲ್ಲಿ ಸರದಿ ಬಿಡೋ ಹಾಗೆಲ್ಲಿದೆಯೋ, ಬುದ್ಧಿವಂತ? ಇಷ್ಟ ಇರಲಿ ಬಿಡಲಿ, ನಿನ್ನ ಸರದಿ ಬಂದಾಗ ಕಾಯಿ ಎತ್ತಲೇಬೇಕು. ಎಷ್ಟೋ ಸಲ ಮನುಷ್ಯ ಕೆಡೋದೇ ಅಲ್ಲಿ. ಸುಮ್ಮನೆ ಕೂತಿದ್ರೆ ಬದುಕ್ತಿದ್ದ, ಏನಾದ್ರೂ ಮಾಡು ಅಂದಾಗ ಸತ್ತ. ಇದು ಹಾಲು ಹಾಕೋ ಹೆಂಗಸಿಗೂ ಗೊತ್ತಿರುತ್ತೆ, ನಿನ್ನ ಯಂತ್ರಕ್ಕೆ ಗೊತ್ತಿರಲಿಲ್ಲ!

ಈಗ ಹೊಸ ಯಂತ್ರ ವಾರಗಟ್ಟಲೆ ಬುಸುಗುಟ್ಟಿ ಮಹಾ ಕಂಡುಹಿಡಿದದ್ದಾದ್ರೂ ಏನು? ಆ ಕಡೆ ಅಷ್ಟು ಹೊಡೆದಾಟ ನಡೀತಿದ್ರೆ, ಬಿಳಿ ರಾಜ ಅತ್ತ ತಿರುಗಿಯೂ ನೋಡದೆ ಒಂದು ಮನೆ ಸರಿದು ಮೂಲೇಲಿ ಕೂರೋದು. "ನಾನಾಯ್ತು, ಈಗ ನೀನು ಆಡಪ್ಪ" ಅನ್ನೋದು. ಕರಿ ಕುದುರೆ ಎತ್ತಿದ್ರೆ ಕಾಲಾಳು ಓಡುತ್ತೆ, ರಾಜನ್ನ ಎತ್ತಿದ್ರೆ ಕುದುರೆ ಬೀಳುತ್ತೆ. ಎತ್ತೋಕೆ ಬೇರೆ ಕಾಯೇ ಇಲ್ಲ. ಇಷ್ಟಕ್ಕೆ ಕೋಣೆ ತುಂಬ ಫ್ಯಾನು ತಿರುಗಿಸ್ಕೊಂಡು, ಹಗಲೂ ರಾತ್ರಿ ಕರೆಂಟು ಸುಟ್ಟು...

ಏನೋ? ಯಾಕೆ ಹಾಗೆ ನೋಡ್ತಿದೀಯ?

ನೀನೇ ಹೇಳಿದ್ಯಲ್ಲ ಈಗ... ಇಲ್ವಾ? ಪರದೇಲಿ ಇತ್ತಲ್ಲ... ಓ. ಪರದೆ ನಿನ್ನ ಕಡೆ ಇದೆ.

ಅಪ್ಪ ಹೇಳಿರಬೇಕು ಬಿಡೋ, ಯಾವಾಗಲೋ. ಊಟ ಮಾಡ್ತಾ, ಕಾಫಿ ಕುಡೀತಾ... ಹಾಗೆ ಕಣ್ಣು ಕಿರಿದು ಮಾಡಬೇಡ! "ಅಪ್ಪನಿಗೇ ಗೊತ್ತಿದ್ದಿದ್ರೆ ಆ ದಿನ ಕ್ಲಬ್ಬಲ್ಲಿ ಯಾಕೆ ಹೇಳಲಿಲ್ಲ" ಅಂತ ತಾನೆ ನಿನ್ನ ತಲೇಲಿ ಓಡ್ತಿರೋದು? ಬಾಯಿ ಬಿಟ್ಟು ಕೇಳಬಾರದಾ? ನಿನ್ನ ಯಂತ್ರವಾದ್ರೂ ಗೊರ್ ಅಂತ ಸದ್ದು ಮಾಡುತ್ತೆ...

ಅದು ಅಪ್ಪ ಕಟ್ಟಿದ್ದಲ್ಲ.

ಕೇಳಿಸ್ತಲ್ಲ? ಅಪ್ಪ ಕಟ್ಟಿದ್ದಲ್ಲ ಅಂದೆ. ನೀನಾಗ ಚಡ್ಡಿ ಹಾಕ್ಕೊಂಡು ಗೋಲಿ ಆಡ್ತಿದ್ದೆ. ನನಗೆ ಜ್ವರ, ಕಾಲೇಜಿಗೆ ಹೋಗಿರಲಿಲ್ಲ. ಮಲಗಿ ಮಲಗಿ ಬೇಜಾರಾಗಿ ಊಟದ ಮೇಜಿನ ಮೇಲೆ ಮಣೆ ಹರಡಿ ಕೂತೆ. ಜ್ವರ ಬಿಟ್ರೂ ನಾನು ಬಿಡಲಿಲ್ಲ. ಅಮ್ಮ ತಟ್ಟೆ ಇಡೋಕೆ ಜಾಗ ಕೇಳಿದ್ರೆ ಜಗಳ ಆಡ್ತಿದ್ದೆ. ಆ ಮೂಲೆಗೆ ಸರಿಯೋ ನಡೆ ಕಂಡ ದಿನ... ಹೇಗೆ ಹೇಳಲಿ ನಿನಗೆ? ಕೂಸು ಹೊಟ್ಟೇಲಿ ಮೊದಲ ಸಲ ಮಿಸುಕಿದಾಗಲೂ ಅಂಥ ಖುಷಿ ಆಗಲಿಲ್ಲ. ಪಾಪದ ಮಾತು, ಆದ್ರೂ ನಿಜ.

ಅಪ್ಪ ಕಳಿಸಿದ್ದೆಲ್ಲ ಪತ್ರಿಕೆಯಿಂದ ವಾಪಸ್ ಬರ್ತಿದ್ದ ಕಾಲ ಅದು. ಇದನ್ನ ನೋಡಿ ಬಹಳ ಹೊತ್ತು ನಿಂತೇ ಇದ್ರು. "ಹುಡುಗಿ ಹೆಸರು ನೋಡಿದ್ರೆ ಅವರು ಓದೋದೂ ಇಲ್ಲ. ಮೊದಲು ನನ್ನ ಹೆಸರಲ್ಲಿ ಹೋಗಲಿ, ಆಮೇಲೆ ಹೇಳೋಣ" ಅಂದ್ರು. ಹೋಯ್ತು. ಉತ್ತರದಲ್ಲಿ ಕುದುರೆ ಅಡ್ಡ ಬರೋ ಭಾಗವನ್ನೇ ಬರೀಲಿಲ್ಲ ಮಹಾನುಭಾವ, ಅವರ ತಲೆಗೇ ಹತ್ತಿರಲಿಲ್ಲ. ಆದ್ರೂ ಬಹುಮಾನ ಬಂತು. ಮನೇಲಿ ಹಬ್ಬ! "ಆಮೇಲೆ ಹೇಳೋಣ" ಅಂದಿದ್ರಲ್ಲ, ಆ "ಆಮೇಲೆ" ಬರಲೇ ಇಲ್ಲ. ಅಮ್ಮನ್ನ ಕೇಳಿದ್ರೆ, "ಆ ಮನುಷ್ಯ ನಕ್ಕು ಎಷ್ಟು ವರ್ಷ ಆಯ್ತು, ಇರಲಿ ಬಿಡೇ" ಅಂದಳು. ಬಿಸಿ ತುಪ್ಪ ಕಣೋ, ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ.

...ಇನ್ನೂ ಹಾಗೇ ನೋಡ್ತಿದೀಯ. ಇನ್ನೇನು ಬೇಕು?

ಹೌದು. ಕ್ಲಬ್ಬಲ್ಲಿ ನಾನೇ ಎದ್ದು ಹೇಳಬಹುದಿತ್ತು. ನೀನು ಡ್ರಾ ಅಂದಾಗ ಅಪ್ಪ ತಿರುಗಿ ನನ್ನೇ ನೋಡಿದ್ರು. ಹೇಳು ಅಂತಲೋ, ಹೇಳಬೇಡ ಅಂತಲೋ... ಇವತ್ತಿಗೂ ಗೊತ್ತಿಲ್ಲ.

ಆ ಸಂಜೆ ತಮ್ಮ ಮನೆಗೂ ಹೋಗದೆ ಕ್ಲಬ್ಬಿಂದ ನೇರ ನಮ್ಮ ಮನೆಗೆ ಬಂದ್ರು. ಚಪ್ಪಲಿ ಕೂಡ ಬಿಡಲಿಲ್ಲ. "ಕುದುರೆ ಅಡ್ಡ ಬಂದ್ರೆ ಏನು ಮಾಡಬೇಕು ಅಂದಿದ್ಯೇ?" ಅಂದ್ರು. ಹೇಳಿದೆ ಕಣೋ! ಆ ನಿಮಿಷವೇ ಹೇಳಿದೆ, ಅಂಗೈ ಮೇಲೆ ಬರೆದು ತೋರಿಸಿದೆ. ಅವರ ಮುಖ ಅರಳ್ತು. ನಾಳೆಯೇ ಹೋಗಿ ಹೇಳ್ತೀನಿ ಅಂದ್ರು, ಹೊರಟೂ ಬಿಟ್ರು...

ನೋಡು, ಅಲ್ಲಿಗೆ ಬಿಟ್ಟಿದ್ರೆ ಆಗ್ತಿತ್ತು. ಅವರು ಗೆಲ್ಲೋರು. ನಿನ್ನ ಯಂತ್ರದ ಮುಖಕ್ಕೆ ಮಸಿ. ನಾನು ಬಾಗಿಲ ತನಕ ಹೋದೆ. "ಅಪ್ಪ, ಈ ಸಲ ನನ್ನ ಹೆಸರು ಹೇಳಿ" ಅಂದೆ. ಅಷ್ಟೇ. ಜಗಳ ಇಲ್ಲ, ಅಳು ಇಲ್ಲ. ಅಷ್ಟೇ ಅಂದೆ.

ಅಪ್ಪ ಕ್ಲಬ್ಬಿಗೆ ಹೋಗಲೇ ಇಲ್ಲ.

ನನ್ನ ಹೆಸರಲ್ಲಿ ಗೆಲ್ಲೋದಕ್ಕಿಂತ ತನ್ನ ಹೆಸರಲ್ಲಿ ಸೋಲೋದೇ ವಾಸಿ ಅನ್ನಿಸ್ತು ಅವರಿಗೆ. ನೀನು ಕೊಂದೆ, ನೀನು ಕೊಂದೆ ಅಂತ ಇಷ್ಟು ದಿನ ನಿನ್ನ ಮೇಲೆ ಹಾಕಿದೆ. ಇಲ್ಲಾಂದ್ರೆ ಅವರ ಮೇಲೇ ಹಾಕಬೇಕಿತ್ತು. ಅದಕ್ಕೆ ನನಗೆ ಧೈರ್ಯ ಸಾಲಲಿಲ್ಲ.

ಅಳಬೇಡ. ಅಳೋದಾದ್ರೆ ಆಮೇಲೆ ಅಳು. ಈ ಯಂತ್ರದ ಬಗ್ಗೆ ಪುಸ್ತಕ ಬರೀತಿದೀಯಲ್ಲ, ಮೊದಲನೇ ಅಧ್ಯಾಯಕ್ಕೆ "ಅಪ್ಪ ಗೆದ್ದರು" ಅಂತ ಹೆಸರಿಟ್ಟಿದೀನಿ ಅಂದ್ಯಲ್ಲ ನಾನು ಬಂದ ತಕ್ಷಣ. ಅಳಿಸು ಅದನ್ನ. ನನ್ನ ಹೆಸರು ಬರಿ. ಈಗಲೇ, ನನ್ನ ಎದುರಿಗೇ.

...ಬರಿ ಅಂದೆ.

ಕೈ ಯಾಕೋ ಮೇಲೇಳ್ತಿಲ್ಲ? ಒಂದು ಹೆಸರು ಬರೆಯೋಕೆ ಎಷ್ಟೋ ಯೋಚನೆ? ಯಾರಿಗೋಸ್ಕರ ಯೋಚಿಸ್ತಿದೀಯ... ಸತ್ತವರಿಗೋಸ್ಕರಾನೋ, ನಿನಗೋಸ್ಕರಾನೋ? ನನ್ನ ಮುಖ ನೋಡಿ ಹೇಳು. ಏ! ನನ್ನ ಮುಖ ನೋಡೋ!

...ಸರಿ. ಗೊತ್ತಾಯ್ತು ಬಿಡು. ನೀನೂ ಅವರ ಮಗನೇ.